ಸೆಮೆನ್ ಹಾಕಿಸಿದರೂ ಹಸು ಗಬ್ಬ ನಿಲ್ಲುತ್ತಿಲ್ಲವೇ? ಗರ್ಭಕೋಶದ ಸೋಂಕು ಮತ್ತು ಕಂದು ರೋಗ: ಸಮಗ್ರ ಮಾರ್ಗದರ್ಶಿ

ಮೂರು ಸಲ ಸೆಮೆನ್ ಹಾಕಿಸಿದರೂ ಹಸು ಮತ್ತೆ ಬೆದೆಗೆ ಬಂದರೆ ಡೇರಿ ಮುಂದೆ ನಿಂತವರೆಲ್ಲ ಸಲಹೆ ಕೊಡುತ್ತಾರೆ. ಸೆಮೆನ್ ಸರಿಯಿಲ್ಲ ಅನ್ನುತ್ತಾರೆ ಒಬ್ಬರು. ಊರ ಹೋರಿಗೆ ಬಿಟ್ಟು ನೋಡಿ ಅನ್ನುತ್ತಾರೆ ಇನ್ನೊಬ್ಬರು. ನಾಲ್ಕನೇ ಸಲಕ್ಕೆ ದುಡ್ಡು ಕೊಡುವ ಮೊದಲು ಸ್ವಲ್ಪ ಹಿಂದಕ್ಕೆ ಯೋಚಿಸಿ. ಈ ಹಸು ಕಳೆದ ಸಲ ಕರು ಹಾಕಿದಾಗ ಸತ್ತೆ (ಮಾಸು) ಎಷ್ಟು ಹೊತ್ತಿಗೆ ಬಿತ್ತು? ಆಮೇಲೆ ಎಷ್ಟು ದಿನ ಸೋರಿತು? ವಾಸನೆ ಇತ್ತಾ? ಗಬ್ಬ ನಿಲ್ಲದ ಎಷ್ಟೋ ಹಸುಗಳಲ್ಲಿ ತೊಂದರೆ ಶುರುವಾಗಿರುವುದು ಆ ದಿನಗಳಲ್ಲೇ. ನಮಗೆ ಗೊತ್ತಾಗುವುದು ಮೂರು ತಿಂಗಳು ಕಳೆದ ಮೇಲೆ, ಅಷ್ಟೇ.

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಹದಿಮೂರು ತಿಂಗಳಿಗೊಂದು ಎಂದರೂ 115 ದಿನದೊಳಗೆ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಆ ದಿನಗಳಲ್ಲೂ ಹಿಂಡಿ, ಬೂಸಾ, ಹುಲ್ಲು ಯಾವುದೂ ನಿಲ್ಲುವುದಿಲ್ಲ. ಹಾಲು ಮಾತ್ರ ದಿನದಿನಕ್ಕೆ ಇಳಿಯುತ್ತಾ ಹೋಗುತ್ತದೆ.

ಬ್ಯಾಕ್ಟೀರಿಯಾದಿಂದ ಆಗುವ ಗರ್ಭದ ತೊಂದರೆ ಎರಡು ಬಗೆ. ಮೊದಲನೆಯದು ಕೊಟ್ಟಿಗೆಯ ಸಗಣಿ, ಗಂಜಲ, ಕೊಳಕು ಕೈಗಳಿಂದ ಒಳಗೆ ಹೋಗುವ ಮಾಮೂಲಿ ಸೋಂಕು. ಇದನ್ನು ತಡೆಯುವುದು ಪೂರ್ತಿ ನಮ್ಮ ಕೈಯಲ್ಲಿದೆ. ಎರಡನೆಯದು ಕಂದು ಹಾಕಿಸುವ, ಅಂದರೆ ತಿಂಗಳು ತುಂಬುವ ಮೊದಲೇ ಗಬ್ಬ ಬೀಳಿಸುವ, ಬ್ರುಸೆಲ್ಲಾದಂಥ ಸಾಂಕ್ರಾಮಿಕ ರೋಗ. ಅದು ಹಸುವಿಂದ ಹಸುವಿಗೆ ಹರಡುತ್ತದೆ, ಮನೆಯವರಿಗೂ ಬರುತ್ತದೆ. ಎರಡಕ್ಕೂ ಮಾಡಬೇಕಾದ್ದನ್ನು ಒಂದೊಂದಾಗಿ ನೋಡೋಣ.

ಹಂತ 1: ಒಂದು ನೋಟ್‌ಬುಕ್ ಇಡಿ

ಮಕ್ಕಳ ಹಳೆಯ ನೋಟ್‌ಬುಕ್ ಆದರೂ ಸಾಕು. ಪ್ರತಿ ಹಸುವಿಗೆ ಒಂದು ಪುಟ. ಕಿವಿಯ ಓಲೆಯ 12 ಅಂಕಿ ಮೇಲೆ ಬರೆಯಿರಿ. ಕೆಳಗೆ ಕರು ಹಾಕಿದ ತಾರೀಕು, ಸತ್ತೆ ಬಿದ್ದ ಹೊತ್ತು, ಬೆದೆಗೆ ಬಂದ ತಾರೀಕುಗಳು, ಸೆಮೆನ್ ಹಾಕಿಸಿದ ತಾರೀಕುಗಳು ಮತ್ತು ಲೋಳೆ ಹೇಗಿತ್ತು ಎಂಬುದನ್ನು ಬರೆಯುತ್ತಾ ಹೋಗಿ. "ಹೋದ ಹಬ್ಬದ ಆಸುಪಾಸಿನಲ್ಲಿ ಹಾಕಿಸಿದ್ದೆ ಸಾರ್" ಎಂದರೆ ಯಾವ ಡಾಕ್ಟರಿಗೂ ಏನೂ ಮಾಡಲು ಆಗುವುದಿಲ್ಲ.

ತಾರೀಕುಗಳ ನಡುವಿನ ಅಂತರವೇ ಎಷ್ಟೋ ಹೇಳುತ್ತದೆ. 18ರಿಂದ 24 ದಿನಕ್ಕೆ ಮತ್ತೆ ಬೆದೆಗೆ ಬಂದರೆ ಗಬ್ಬ ಕಟ್ಟಲೇ ಇಲ್ಲ, ಅಥವಾ ಕಟ್ಟಿದ ಕೂಡಲೇ ಹೋಗಿದೆ. 25ರಿಂದ 35 ದಿನ, ಒಮ್ಮೊಮ್ಮೆ ಇನ್ನೂ ಜಾಸ್ತಿ, ಹೀಗೆ ಲೆಕ್ಕವಿಲ್ಲದೆ ಬರುತ್ತಿದ್ದರೆ ಭ್ರೂಣ ಕಟ್ಟಿ ಆಮೇಲೆ ಸತ್ತಿರುವ ಸಾಧ್ಯತೆ ಇದೆ. 40 ದಿನದ ಆಸುಪಾಸಿನಲ್ಲಿ ಬಂದರೆ ಬಹುಮಟ್ಟಿಗೆ ನಡುವಿನ ಒಂದು ಬೆದೆಯನ್ನು ನಾವೇ ಗಮನಿಸಿಲ್ಲ. ಮೂರಕ್ಕೂ ಪರಿಹಾರ ಬೇರೆ ಬೇರೆ.

ಹಂತ 2: ಕರು ಹಾಕುವ ಜಾಗ ಸಿದ್ಧಮಾಡಿ

ಬೆದೆಯ ದಿನಗಳನ್ನು ಬಿಟ್ಟರೆ ಗರ್ಭಕೋಶದ ಬಾಯಿ ವರ್ಷವೆಲ್ಲ ಬಿಗಿಯಾಗಿ ಮುಚ್ಚಿರುತ್ತದೆ. ಅದು ಪೂರ್ತಿ ತೆರೆಯುವುದು ಕರು ಹಾಕುವಾಗ. ಆಗ ಬ್ಯಾಕ್ಟೀರಿಯಾ ಒಳಗೆ ಹೋಗುವುದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಹಸುಗಳ ಗರ್ಭಕೋಶಕ್ಕೂ ಮೊದಲ ಎರಡು ವಾರದಲ್ಲಿ ಬ್ಯಾಕ್ಟೀರಿಯಾ ಸೇರುತ್ತದೆ. ಆರೋಗ್ಯವಾಗಿರುವ ಹಸು ಅದನ್ನು ತಾನೇ ಹೊರಗೆ ಹಾಕುತ್ತದೆ. ಎಷ್ಟು ಕೊಳೆ ಒಳಗೆ ಹೋಯಿತು, ಹಸುವಿಗೆ ಹೊರಗೆ ಹಾಕುವ ಶಕ್ತಿ ಎಷ್ಟಿದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲು ಸೇರಿಕೊಳ್ಳುವುದು ಸಾಮಾನ್ಯವಾಗಿ ಸಗಣಿಯಲ್ಲಿರುವ ಇ. ಕೋಲಿ. ಅದು ಗರ್ಭಕೋಶದ ಒಳಪದರವನ್ನು ಕೆಡಿಸಿ ದಾರಿ ಮಾಡಿಕೊಟ್ಟ ಮೇಲೆ ಟ್ರುಪೆರೆಲ್ಲಾ ಎಂಬ ಕೀವು ಮಾಡುವ ಬ್ಯಾಕ್ಟೀರಿಯಾ ಬರುತ್ತದೆ. ಗಾಳಿಯಿಲ್ಲದ ಕಡೆ ಬೆಳೆಯುವ ಫ್ಯೂಸೋಬ್ಯಾಕ್ಟೀರಿಯಂ ಅದರ ಜೊತೆ ಸೇರುತ್ತದೆ. ಇವು ಒಂದಕ್ಕೊಂದು ಸಹಾಯ ಮಾಡಿಕೊಂಡು ಬೆಳೆಯುವುದರಿಂದಲೇ ಸೋಂಕು ಬೇಗ ವಾಸಿಯಾಗುವುದಿಲ್ಲ.

ಹಸು ತುಂಬುಗಬ್ಬ ಆದಾಗ ಕೊಟ್ಟಿಗೆಯ ಒಂದು ಮೂಲೆಯನ್ನು ಅದಕ್ಕೇ ಬಿಡಿ. ಸಗಣಿ ಬಾಚಿ, ತೊಳೆದು, ಒಣಗಿಸಿ, ಸುಣ್ಣ ಎರಚಿ, ಮೇಲೆ ಒಣ ಹುಲ್ಲು ಹಾಸಿ. ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ, ನಿಜ. ಆಗ ಹುಲ್ಲನ್ನು ದಪ್ಪಗೆ ಹಾಸಿ ದಿನಾ ಬದಲಿಸಬೇಕು. ಗಂಜಲ ಹರಿದುಹೋಗುವ ಕಾಲುವೆಯ ಪಕ್ಕದಲ್ಲೇ ಹಸು ಮಲಗಿ ಕರು ಹಾಕುವ ಕೊಟ್ಟಿಗೆಗಳಲ್ಲಿ ಸೋಂಕು ಜಾಸ್ತಿ ಆಗುವುದರಲ್ಲಿ ಆಶ್ಚರ್ಯವಿಲ್ಲ.

ಶಕ್ತಿಯ ವಿಷಯಕ್ಕೆ ಬಂದರೆ, ಕರು ಹಾಕುವ ಎರಡು ತಿಂಗಳ ಮೊದಲೇ ಹಾಲು ಬತ್ತಿಸಿ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಖನಿಜ ಮಿಶ್ರಣ ಕೊಡಿ. ಸೆಲೆನಿಯಂ ಮತ್ತು ವಿಟಮಿನ್ ಇ ಕಡಿಮೆಯಾದರೂ, ಕರು ಹಾಕುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೂ ಸತ್ತೆ ಬೀಳುವುದು ತಡವಾಗುತ್ತದೆ. ಕ್ಯಾಲ್ಸಿಯಂ ಇಲ್ಲದೆ ಗರ್ಭಕೋಶದ ಮಾಂಸಖಂಡ ಗಟ್ಟಿಯಾಗಿ ಹಿಂಡಿಕೊಳ್ಳುವುದಿಲ್ಲ.

ಹಂತ 3: ಕರು ಹಾಕುವಾಗ ಕೈ ಹಾಕುವ ಆತುರ ಬೇಡ

ನೀರಿನ ಚೀಲ ಒಡೆದ ಮೇಲೆ ಹಸು ಮುಕ್ಕುತ್ತಿದ್ದರೆ, ಕರುವಿನ ಎರಡು ಮುಂಗಾಲು ಮತ್ತು ಮೂತಿ ಕಾಣಿಸುತ್ತಿದ್ದರೆ ಸುಮ್ನೆ ದೂರ ನಿಂತು ನೋಡಿ. ಒಂದೆರಡು ಗಂಟೆಯಾದರೂ ಮುಂದುವರಿಯದಿದ್ದರೆ, ಅಥವಾ ಒಂದೇ ಕಾಲು ಇಲ್ಲವೇ ಬಾಲ ಕಾಣಿಸಿದರೆ ಡಾಕ್ಟರನ್ನು ಕರೆಯಿರಿ. ರಾತ್ರಿ ಹೊತ್ತಿನಲ್ಲಿ ಅಕ್ಕಪಕ್ಕದ ನಾಲ್ಕು ಜನ ಹಗ್ಗ ಕಟ್ಟಿ ಎಳೆಯುವುದು, ಒಬ್ಬರಾದ ಮೇಲೆ ಒಬ್ಬರು ಕೈ ಹಾಕಿ ನೋಡುವುದು ಇನ್ನೂ ನಡೆಯುತ್ತಿದೆ. ಒಳಗೆ ಗಾಯವಾಗುವುದು, ಕೊಳೆ ಹೋಗುವುದು ಹೀಗೇ.

ಕೈ ಹಾಕಲೇಬೇಕಾದ ಸಂದರ್ಭ ಬಂದರೆ ಉಗುರು ಕತ್ತರಿಸಿ, ಹೆಗಲವರೆಗೆ ಸೋಪು ಹಚ್ಚಿ ತೊಳೆದು, ಉದ್ದನೆಯ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು ಹಾಕಿ. ಹಸುವಿನ ಬಾಲವನ್ನು ಪಕ್ಕಕ್ಕೆ ಕಟ್ಟಿ, ಹಿಂಭಾಗವನ್ನು ಸೋಪು ನೀರಿನಿಂದ ತೊಳೆಯಿರಿ. ಗ್ಲೌಸ್ ಬರೀ ಹಸುವಿಗಾಗಿ ಅಲ್ಲ, ನಿಮಗಾಗಿ. ಕಾರಣ ಮುಂದೆ ಬರುತ್ತದೆ.

ಕರು ಬಿದ್ದ ಕೂಡಲೇ ಹಸು ನೆಕ್ಕಲಿ, ಕರು ಬೇಗ ಗಿಣ್ಣು ಹಾಲು ಕುಡಿಯಲಿ. ಸತ್ತೆ ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಕೆಲವು ಮನೆಗಳಲ್ಲಿದೆ. ಅದು ತಲೆಕೆಳಗು. ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಹಾಲು ಇಳಿಸುವುದೂ, ಗರ್ಭಕೋಶ ಹಿಂಡಿಕೊಂಡು ಸತ್ತೆ ಬೀಳಲು ನೆರವಾಗುವುದೂ ಅದೇ ಹಾರ್ಮೋನ್.

ಹಂತ 4: ಸತ್ತೆ ಬೀಳದಿದ್ದರೆ

ಸತ್ತೆ ಅನ್ನಿ, ಕಸ ಅನ್ನಿ, ಮಾಸು ಅನ್ನಿ, ಸಾಮಾನ್ಯವಾಗಿ ಕರು ಹಾಕಿದ 3ರಿಂದ 8 ಗಂಟೆಯಲ್ಲಿ ಬೀಳುತ್ತದೆ. 12 ಗಂಟೆ ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. 24 ಗಂಟೆ ದಾಟಿದರೆ ಬಂದು ನೋಡಲೇಬೇಕು. ಬಿದಿರೆಲೆ ತಿನ್ನಿಸಿ ಎರಡು ಮೂರು ದಿನ ಕಾಯುತ್ತಾ ಕೂರಬೇಡಿ.

ಈಗ ಒಂದು ಮಾತನ್ನು ಒತ್ತಿ ಹೇಳಬೇಕು. ಸತ್ತೆಯನ್ನು ಕೈ ಹಾಕಿ ಎಳೆಯಬೇಡಿ, ಎಳೆಸಬೇಡಿ. ನೇತಾಡುವ ತುದಿಗೆ ಕಲ್ಲು, ಹಳೇ ಚಪ್ಪಲಿ ಕಟ್ಟಬೇಡಿ. ಸತ್ತೆ ಗರ್ಭಕೋಶಕ್ಕೆ ಹತ್ತಾರು ಗುಂಡಿಗಳಂಥ ಜಾಗಗಳಲ್ಲಿ ಅಂಟಿಕೊಂಡಿರುತ್ತದೆ. ಎಳೆದರೆ ಆ ಗುಂಡಿಗಳೇ ಕಿತ್ತು ರಕ್ತ ಸುರಿಯುತ್ತದೆ, ಒಂದಷ್ಟು ಚೂರು ಒಳಗೇ ಉಳಿಯುತ್ತದೆ. ಉಳಿದ ಚೂರು ಕೊಳೆಯುತ್ತದೆ, ಆದ ಗಾಯದ ಮೂಲಕ ಸೋಂಕು ರಕ್ತಕ್ಕೆ ಸೇರುತ್ತದೆ. "ಕೈ ಹಾಕಿ ಕ್ಲೀನ್ ಮಾಡ್ಲಿಲ್ಲ, ಬರೀ ಇಂಜೆಕ್ಷನ್ ಕೊಟ್ಟು ಹೋದ್ರು" ಎಂದು ಡಾಕ್ಟರ ಮೇಲೆ ಸಿಟ್ಟಾಗುವ ರೈತರಿದ್ದಾರೆ. ಆ ಡಾಕ್ಟರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಹಸುವಿಗೆ ಜ್ವರವಿಲ್ಲದೆ, ಮೇವು ತಿನ್ನುತ್ತಿದ್ದರೆ ಅಂಟು ತಾನೇ ಬಿಟ್ಟುಕೊಂಡು ಒಂದು ವಾರದ ಆಸುಪಾಸಿನಲ್ಲಿ ಸತ್ತೆ ಕಳಚಿ ಬೀಳುತ್ತದೆ. ಅಲ್ಲಿಯವರೆಗೆ ನೆಲಕ್ಕೆ ತಾಗುವಷ್ಟು ಉದ್ದ ಇರುವ ಭಾಗವನ್ನು ಮಾತ್ರ ಕತ್ತರಿಸಿ, ಹಿಂಭಾಗವನ್ನು ದಿನಕ್ಕೆರಡು ಸಲ ತೊಳೆದು ಒರೆಸಿ, ದಿನಾ ಜ್ವರ ನೋಡಿ.

ಬಿದ್ದ ಸತ್ತೆಯನ್ನು ಹಸು ತಿನ್ನಲು ಬಿಡಬೇಡಿ, ನಾಯಿಗೂ ಎಸೆಯಬೇಡಿ, ಮರಕ್ಕೆ ನೇತುಹಾಕಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಹಂತ 5: ಮೊದಲ ಹತ್ತು ದಿನ ಜ್ವರ ನೋಡಿ

ಮನೆಯಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇರುತ್ತದಲ್ಲ, ಅಂಥದ್ದನ್ನೇ ಹಸುವಿಗೆಂದು ಬೇರೆ ಒಂದು ಕೊಂಡಿಡಿ. ಅದಕ್ಕೊಂದು ದಾರ ಕಟ್ಟಿ. ಬೆಳಗ್ಗೆ ಹಾಲು ಕರೆಯುವ ಮೊದಲು ಗುದದ್ವಾರದಲ್ಲಿ ಒಳಗೋಡೆಗೆ ತಾಗುವ ಹಾಗೆ ಇಟ್ಟು ಬೀಪ್ ಬರುವವರೆಗೆ ಹಿಡಿಯಿರಿ. 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಸಹಜ. 103 ದಾಟಿದರೆ ಅದೇ ದಿನ ಡಾಕ್ಟರನ್ನು ಕರೆಯಿರಿ. ಬೇಸಿಗೆಯ ಮಧ್ಯಾಹ್ನ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸುಗಳ ಮೈ ಬಿಸಿಲಿಗೇ ಕಾಯುತ್ತದೆ, ಆದ್ದರಿಂದ ಬೆಳಗಿನ ಅಳತೆಯನ್ನೇ ನಂಬಿ.

ಕರು ಹಾಕಿದ ಮೇಲೆ ಸುಮಾರು ಎರಡು ವಾರ ಕಂದುಗೆಂಪು ಬಣ್ಣದ ಲೋಳೆ ಸೋರುವುದು ಸಹಜ. ಅದಕ್ಕೆ ಕೆಟ್ಟ ವಾಸನೆ ಇರುವುದಿಲ್ಲ. ನೀರುನೀರಾದ ಕಂದು ಬಣ್ಣದ ದ್ರವ, ಕೊಟ್ಟಿಗೆ ಬಾಗಿಲಲ್ಲೇ ಮೂಗಿಗೆ ಹೊಡೆಯುವ ಕೊಳೆತ ವಾಸನೆ, ಜ್ವರ, ಮೇವು ಬಿಡುವುದು, ಹಾಲು ಇಳಿಯುವುದು ಇವೆಲ್ಲ ಒಟ್ಟಿಗೆ ಬಂದರೆ ಅದು ಗರ್ಭಕೋಶದ ತೀವ್ರ ಉರಿಯೂತ. ಮೆಟ್ರೈಟಿಸ್ ಎನ್ನುತ್ತಾರೆ. ಹಸುವಿನ ಜೀವಕ್ಕೇ ಅಪಾಯ ಇದು. ಆಂಟಿಬಯೋಟಿಕ್ ಯಾವುದು, ಎಷ್ಟು ದಿನ ಎನ್ನುವುದನ್ನು ಡಾಕ್ಟರು ತೀರ್ಮಾನಿಸಲಿ. ಎರಡನೇ ದಿನಕ್ಕೆ ಹಸು ಮೇವು ತಿನ್ನಲು ಶುರುಮಾಡಿತೆಂದು ಮೂರನೇ ಇಂಜೆಕ್ಷನ್ ಬಿಡಬೇಡಿ. ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆಯೇ ಮುಂದೆ ಒಳಗೊಳಗೆ ಉಳಿಯುವ ಸೋಂಕಾಗುತ್ತದೆ. ಔಷಧ ಕೊಟ್ಟ ದಿನಗಳಲ್ಲೂ, ಆಮೇಲೆ ಬಾಟಲಿಯ ಮೇಲೆ ಬರೆದಿರುವಷ್ಟು ದಿನವೂ ಆ ಹಾಲನ್ನು ಡೇರಿಗೆ ಹಾಕಬೇಡಿ, ಮನೆಗೂ ಬಳಸಬೇಡಿ.

ಡಾಕ್ಟರ ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ಇದೆ.

ಹಂತ 6: ಮೂರು ವಾರದ ಮೇಲೂ ಸೋರುತ್ತಿದ್ದರೆ

21 ದಿನ ಕಳೆದ ಮೇಲೂ ಬಾಲಕ್ಕೆ, ತೊಡೆಗೆ ಬಿಳಿ ಅಥವಾ ಹಳದಿ ಕೀವು ಅಂಟಿರುವುದು ಕಂಡರೆ ಗರ್ಭಕೋಶದ ಒಳಪದರದಲ್ಲಿ ಸೋಂಕು ಉಳಿದಿದೆ ಎಂದರ್ಥ. ಇದು ಎಂಡೋಮೆಟ್ರೈಟಿಸ್. ಹಸುವಿಗೆ ಜ್ವರ ಇರುವುದಿಲ್ಲ. ಚೆನ್ನಾಗಿ ತಿನ್ನುತ್ತದೆ, ಹಾಲೂ ಕೊಡುತ್ತದೆ. ಅದಕ್ಕೇ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎರಡು ತಿಂಗಳು ಕಾದು ನೇರವಾಗಿ ಸೆಮೆನ್ ಹಾಕಿಸುತ್ತಾರೆ.

ಈ ಹಸು ಬೆದೆಗೆ ಬರುತ್ತಿದ್ದರೆ ಅದೇ ಒಂದು ಚಿಕಿತ್ಸೆ. ಬೆದೆಯಲ್ಲಿ ಗರ್ಭಕೋಶದ ಬಾಯಿ ತೆರೆಯುತ್ತದೆ, ಕೊಳೆ ಹೊರಗೆ ಬರುತ್ತದೆ, ರೋಗನಿರೋಧಕ ಶಕ್ತಿಯೂ ಹೆಚ್ಚಿರುತ್ತದೆ. ಬೆದೆಗೇ ಬರದೆ, ಹೊಟ್ಟೆಯೊಳಗೆ ಕೀವು ತುಂಬಿಕೊಂಡಿರುವ ಹಸುಗಳೂ ಇವೆ. ಇವನ್ನು ಗಬ್ಬ ಎಂದು ತಿಳಿದು ತಿಂಗಳುಗಟ್ಟಲೆ ಸಾಕಿದವರಿದ್ದಾರೆ. ಗಬ್ಬ ಕಾಪಾಡುವ ಹಾರ್ಮೋನ್ ಬಿಡುವ ಗಂಟು ಅಂಡಾಶಯದಲ್ಲಿ ಕರಗದೆ ಕೂತಿರುತ್ತದೆ, ಅದರಿಂದ ಬೆದೆ ಬರುವುದಿಲ್ಲ. ಡಾಕ್ಟರು ಕೈ ಹಾಕಿ ಪರೀಕ್ಷಿಸಿ, ಆ ಗಂಟನ್ನು ಕರಗಿಸುವ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಕೊಟ್ಟರೆ ಕೆಲವೇ ದಿನಗಳಲ್ಲಿ ಬೆದೆ ಬಂದು ಕೀವು ಹೊರಗೆ ಹೋಗುತ್ತದೆ.

ಈ ಇಂಜೆಕ್ಷನನ್ನು ಮೆಡಿಕಲ್ ಅಂಗಡಿಯಿಂದ ತಂದು ನೀವೇ ಚುಚ್ಚುವ ಸಾಹಸ ಮಾಡಬೇಡಿ. ಹಸು ನಿಜವಾಗಿ ಗಬ್ಬವಾಗಿದ್ದರೆ ಅದೇ ಇಂಜೆಕ್ಷನ್ ಕಂದು ಹಾಕಿಸುತ್ತದೆ. ಚರ್ಮಕ್ಕೆ ಸೋಕಿದರೂ ಒಳಗೆ ಇಳಿಯುವ ಔಷಧ ಅದು. ಗರ್ಭಿಣಿಯರು, ಅಸ್ತಮಾ ಇರುವವರು ಮುಟ್ಟಲೇಬಾರದು.

ಹಂತ 7: ಸೆಮೆನ್ ಹಾಕಿಸುವ ಮೊದಲು ಲೋಳೆ ನೋಡಿ

ಈ ಮಾರ್ಗದರ್ಶಿಯಲ್ಲಿ ಒಂದನ್ನಷ್ಟೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಹಸು ಬೆದೆಗೆ ಬಂದ ಬೆಳಗ್ಗೆ ಮಲಗಿದ್ದಲ್ಲಿಂದ ಏಳುವಾಗ ಲೋಳೆ ಇಳಿಯುತ್ತದೆ. ನೆಲಕ್ಕೆ ಬೀಳುವ ಮೊದಲೇ ಅದನ್ನು ಕಪ್ಪು ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಅಥವಾ ತಟ್ಟೆಯಲ್ಲಿ ಹಿಡಿಯಿರಿ. ಬೆಳಕಿಗೆ ಬಂದು ಓರೆ ಮಾಡಿ ನೋಡಿ. ಆರೋಗ್ಯದ ಲೋಳೆ ಮೊಟ್ಟೆಯ ಬಿಳಿಭಾಗದಂತೆ ಪೂರ್ತಿ ತಿಳಿ ಇರುತ್ತದೆ, ತಟ್ಟೆಯ ಕಪ್ಪು ಅದರ ಮೂಲಕ ಹಾಗೇ ಕಾಣುತ್ತದೆ. ಎರಡು ಬೆರಳ ನಡುವೆ ಹಿಡಿದು ಎಳೆದರೆ ಉದ್ದಕ್ಕೆ ದಾರ ಬರುತ್ತದೆ. ಈಗ ಇನ್ನೂ ಹತ್ತಿರದಿಂದ ನೋಡಿ. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ತೇಲುತ್ತಿವೆಯೇ? ಎಳೆಎಳೆಯಾಗಿ ಹಳದಿ ಗೆರೆ ಇದೆಯೇ? ಒಟ್ಟಾರೆ ಮಬ್ಬಾಗಿದೆಯೇ? ಹಾಗಿದ್ದರೆ ಅದು ಕೀವು. ಸಗಣಿ ಮೆತ್ತಿದ ನೆಲದ ಮೇಲೆ ಬಿದ್ದ ಲೋಳೆಯಲ್ಲಿ ಈ ಚುಕ್ಕೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಕಪ್ಪು ತಟ್ಟೆ.

ಮಬ್ಬು ಕಂಡರೆ ಈ ಬೆದೆಯನ್ನು ಬಿಡಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಕೀವಿರುವ ಗರ್ಭಕೋಶಕ್ಕೆ ಒಳ್ಳೆಯ ಸೆಮೆನ್ ಹಾಕಿಸಿದರೂ ವೀರ್ಯಾಣು ಸಾಯುತ್ತದೆ, ಅಪ್ಪಿತಪ್ಪಿ ಭ್ರೂಣ ಕಟ್ಟಿದರೂ ಅದಕ್ಕೆ ಬೆಳೆಯಲು ಜಾಗ ಸರಿಯಿರುವುದಿಲ್ಲ. ಹೇಗೂ 21 ದಿನ ಹೋಗುತ್ತದೆ, ಸೆಮೆನ್ ದುಡ್ಡೂ ಹೋಗುತ್ತದೆ. ಅದರ ಬದಲು ಚಿಕಿತ್ಸೆ ಮಾಡಿಸಿ, ಮುಂದಿನ ಬೆದೆಯಲ್ಲಿ ಲೋಳೆ ತಿಳಿಯಾಗಿದೆಯೇ ನೋಡಿ ಹಾಕಿಸಿ.

ಲೋಳೆ ತಿಳಿಯಾಗಿದ್ದೂ ಗಬ್ಬ ನಿಲ್ಲದ ಹಸುಗಳಿವೆ. ಕಣ್ಣಿಗೆ ಕಾಣದ ಸೋಂಕು ಇರಬಹುದು. ಆಗ ಡಾಕ್ಟರಿಗೆ ವೈಟ್ ಸೈಡ್ ಪರೀಕ್ಷೆ ಮಾಡಲು ಕೇಳಿ. ಲೋಳೆಗೆ ಅಷ್ಟೇ ಪ್ರಮಾಣದ ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣ ಬೆರೆಸಿ ಕುದಿಸುತ್ತಾರೆ. ಬಣ್ಣ ಬರದಿದ್ದರೆ ಸೋಂಕಿಲ್ಲ. ಹಳದಿಯಾದರೆ ಸೋಂಕಿದೆ, ಹಳದಿ ಗಾಢವಾದಷ್ಟೂ ಸೋಂಕು ಜಾಸ್ತಿ. ಕಾಸ್ಟಿಕ್ ಸೋಡಾ ಕೈ ಸುಡುತ್ತದೆ, ಮನೆಯಲ್ಲಿ ಮಾಡಲು ಹೋಗಬೇಡಿ. ಸೌಕರ್ಯವಿದ್ದರೆ ಲೋಳೆಯನ್ನು ಲ್ಯಾಬಿಗೆ ಕಳಿಸಿ ಯಾವ ಆಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ನೋಡಿಸುವುದು ಇನ್ನೂ ಒಳ್ಳೆಯದು. ಪ್ರತಿ ಬೆದೆಗೂ ಒಂದೊಂದು ಔಷಧವನ್ನು ಗರ್ಭಕೋಶಕ್ಕೆ ಹಾಕಿಸುತ್ತಾ ಹೋದರೆ ಒಳಪದರ ಸುಟ್ಟಂತಾಗಿ ಹಸು ಕಾಯಂ ಬರಡಾಗಬಹುದು.

ಬೆದೆಯಾದ ಎರಡು ಮೂರು ದಿನಕ್ಕೆ ಸ್ವಲ್ಪ ರಕ್ತ ಕಂಡು ಗಾಬರಿಯಾಗುವವರು ಬಹಳ. ಅದು ಸಹಜ. ಅದಕ್ಕೆ ಔಷಧ ಬೇಡ.

ಸೆಮೆನ್ ಹಾಕುವ ಹೊತ್ತು ಮತ್ತು ರೀತಿಯೂ ಇಲ್ಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಹಾಕುವ ಮೊದಲು ಯೋನಿಯನ್ನು ಒಣ ಹತ್ತಿ ಅಥವಾ ಟಿಶ್ಯೂ ಪೇಪರಿನಿಂದ ಒರೆಸಬೇಕು. ನೀರು ಎರಚಿ ಹಾಗೇ ಬಿಟ್ಟರೆ ಕೊಳೆನೀರು ಒಳಗೆ ಇಳಿಯುತ್ತದೆ. ನಳಿಕೆಯ ಮೇಲಿನ ಪ್ಲಾಸ್ಟಿಕ್ ಕವಚ ಪ್ರತಿ ಹಸುವಿಗೂ ಹೊಸದಾಗಿರಬೇಕು. ತುಟಿ ಬಿಡಿಸಿ ಹಿಡಿದು, ನಳಿಕೆ ಹೊರಚರ್ಮಕ್ಕೆ ಸೋಕದಂತೆ ಒಳಗೆ ಹೋಗಬೇಕು. "ಅಣ್ಣಾ, ಒಂದ್ನಿಮಿಷ, ಒರೆಸಿಕೊಡ್ತೀನಿ" ಎಂದು ನೀವೇ ಮುಂದೆ ಬಂದರೆ ಎ.ಐ. (ಕೃತಕ ಗರ್ಭಧಾರಣೆ) ಮಾಡುವವರು ಬೇಡ ಅನ್ನುವುದಿಲ್ಲ.

ಹಂತ 8: ಕಂದು ಹಾಕಿದರೆ ಮೊದಲ ಗಂಟೆಯಲ್ಲಿ ಮಾಡಬೇಕಾದ್ದು

ಐದು ತಿಂಗಳು ದಾಟಿದ ಗಬ್ಬ ಹೋದರೆ, ಬೇರೆಯದು ಸಾಬೀತಾಗುವವರೆಗೆ ಅದನ್ನು ಬ್ರುಸೆಲ್ಲಾ ಎಂದೇ ಭಾವಿಸಿ ನಡೆದುಕೊಳ್ಳಿ. ಹೀಗೆ ಹೇಳುವುದು ಹೆದರಿಸಲು ಅಲ್ಲ. ಬ್ರುಸೆಲ್ಲಾ ಇದ್ದರೆ ಬಿದ್ದ ಕಂದು, ಸತ್ತೆ, ಗರ್ಭದ ನೀರು ಇವುಗಳಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತದೆ. ಬೇರೆ ಹಸು ಅದನ್ನು ನೆಕ್ಕಿದರೆ, ಆ ಹುಲ್ಲು ತಿಂದರೆ ರೋಗ ಅಂಟುತ್ತದೆ. ಬರಿಗೈಯಲ್ಲಿ ಎತ್ತಿಹಾಕಿದ ಮನುಷ್ಯರಿಗೂ ಅಂಟುತ್ತದೆ.

ಕೈಗೆ ಗ್ಲೌಸ್ ಹಾಕಿ. ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಕವರನ್ನಾದರೂ ಕಟ್ಟಿಕೊಳ್ಳಿ. ಮೂಗು ಬಾಯಿಗೆ ಬಟ್ಟೆ ಕಟ್ಟಿ. ಮನೆಯಲ್ಲಿ ಗರ್ಭಿಣಿಯರು, ಮಕ್ಕಳಿದ್ದರೆ ಆ ಕಡೆ ಬಿಡಬೇಡಿ. ಹಸುವನ್ನು ಉಳಿದವುಗಳಿಂದ ದೂರ ಕಟ್ಟಿ, ಸೋರುವುದು ಪೂರ್ತಿ ನಿಲ್ಲುವವರೆಗೆ ಅಲ್ಲೇ ಇರಲಿ. ಕಂದನ್ನು ಹೂಳುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಪರೀಕ್ಷೆಗೆ ಕಂದಿನ ಹೊಟ್ಟೆಯ ದ್ರವ, ಸತ್ತೆಯ ತುಂಡು, ಹಸುವಿನ ರಕ್ತ ಬೇಕಾಗುತ್ತದೆ. ಅವನ್ನು ಐಸ್‌ನಲ್ಲಿಟ್ಟು ಕಳಿಸಬೇಕು. ಆಮೇಲೆ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿ. ಬಿದ್ದ ಜಾಗದ ಹುಲ್ಲನ್ನು ಸುಟ್ಟು, ನೆಲಕ್ಕೆ ಬ್ಲೀಚಿಂಗ್ ಪೌಡರ್ ಇಲ್ಲವೇ ಸುಣ್ಣದ ನೀರು ಹಾಕಿ. ನೆರಳಿನ ತೇವದಲ್ಲಿ ಈ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಬದುಕುತ್ತದೆ, ಬಿಸಿಲಿಗೆ ಬೇಗ ಸಾಯುತ್ತದೆ.

ರಕ್ತ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕಂದು ಹಾಕಿದ ದಿನ ತೆಗೆದ ರಕ್ತದಲ್ಲಿ ರೋಗ ಕಾಣದೇ ಹೋಗಬಹುದು. ಸುಮಾರು ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಸಿ. ರೋಸ್ ಬೆಂಗಾಲ್ ಪರೀಕ್ಷೆ ತಟ್ಟನೆ ಆಗುತ್ತದೆ, ಎಲೈಸಾದಿಂದ ಖಚಿತ ಮಾಡುತ್ತಾರೆ. ಇಡೀ ಸಂಘದ ಹಾಲಿನಲ್ಲಿ ರೋಗದ ಸುಳಿವು ನೋಡಲು ಮಿಲ್ಕ್ ರಿಂಗ್ ಪರೀಕ್ಷೆ ಇದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಯಲಹಂಕದಲ್ಲಿರುವ, ಜಾನುವಾರು ರೋಗಗಳ ಅಧ್ಯಯನದ ರಾಷ್ಟ್ರೀಯ ಸಂಸ್ಥೆ ನಿವೇದಿ ಎರಡೂ ಬೆಂಗಳೂರಿನಲ್ಲೇ ಇವೆ. ಮಾದರಿ ಕಳಿಸುವ ದಾರಿ ನಿಮ್ಮ ಪಶು ಆಸ್ಪತ್ರೆಯ ಮೂಲಕ.

ಬ್ರುಸೆಲ್ಲಾದ ದೊಡ್ಡ ಮೋಸ ಏನೆಂದರೆ, ಹೆಚ್ಚಿನ ಹಸುಗಳು ಒಂದೇ ಸಲ ಕಂದು ಹಾಕುತ್ತವೆ. ಮುಂದಿನ ಸಲ ತಿಂಗಳು ತುಂಬಿ ಕರು ಹಾಕುತ್ತವೆ. "ಸರಿಹೋಯ್ತು ಬಿಡಿ" ಎಂದು ಎಲ್ಲರೂ ಮರೆಯುತ್ತಾರೆ. ಆದರೆ ಬ್ಯಾಕ್ಟೀರಿಯಾ ಕೆಚ್ಚಲಲ್ಲಿ, ಗ್ರಂಥಿಗಳಲ್ಲಿ ಉಳಿದಿರುತ್ತದೆ. ಹಾಲಿನಲ್ಲಿ ಬರುತ್ತಿರುತ್ತದೆ, ಪ್ರತಿ ಸಲ ಕರು ಹಾಕುವಾಗಲೂ ಕೊಟ್ಟಿಗೆಗೆ ಸುರಿಯುತ್ತದೆ. ಹಸುವಿನಿಂದ ಅದನ್ನು ಪೂರ್ತಿ ತೆಗೆಯುವ ನಂಬಬಹುದಾದ ಔಷಧ ಇಲ್ಲ. ಗುಣಮಾಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ರೋಗ ಖಚಿತವಾದ ಹಸುವನ್ನು ಏನು ಮಾಡುವುದು? ಇದು ಕಷ್ಟದ ಪ್ರಶ್ನೆ, ಸುಲಭದ ಉತ್ತರ ಇಲ್ಲ. ಒಂದೆರಡು ಹಸುವನ್ನೇ ನಂಬಿದ ಮನೆಗೆ ಅದು ಇನ್ನೂ ಕಷ್ಟ. ಆದರೂ ಸಂತೆಯಲ್ಲಿ ಸುಮ್ಮನೆ ಮಾರಿ ಕೈತೊಳೆದುಕೊಳ್ಳುವುದು ಇನ್ನೊಂದು ಬಡ ಮನೆಗೆ ರೋಗ ಕೊಟ್ಟ ಹಾಗೆ. ಡಾಕ್ಟರ ಜೊತೆ ಮಾತಾಡಿ, ಬೇರೆ ಕಟ್ಟಿ, ಕೊನೆಯಲ್ಲಿ ಹಾಲು ಕರೆದು, ಕರು ಹಾಕುವ ದಿನಗಳಲ್ಲಿ ಮೇಲೆ ಹೇಳಿದ ಎಚ್ಚರವನ್ನೆಲ್ಲ ಪಾಲಿಸಿ.

ಹಂತ 9: ಹೆಣ್ಣುಕರುಗಳಿಗೆ ಲಸಿಕೆ ತಪ್ಪಿಸಬೇಡಿ

4ರಿಂದ 8 ತಿಂಗಳ ಒಳಗಿನ ಹೆಣ್ಣುಕರುವಿಗೆ ಬ್ರುಸೆಲ್ಲಾ ಲಸಿಕೆ, ಬದುಕಿನಲ್ಲಿ ಒಂದೇ ಸಲ. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆಗೆ ಇದನ್ನೂ ಉಚಿತವಾಗಿ ಹಾಕುತ್ತಾರೆ. ಗಂಡುಕರುವಿಗೆ ಹಾಕುವುದಿಲ್ಲ, ಗಬ್ಬದ ಹಸುವಿಗೂ ಹಾಕುವುದಿಲ್ಲ. ಇದು ಜೀವಂತ ಬ್ಯಾಕ್ಟೀರಿಯಾ ಇರುವ ಲಸಿಕೆ. ಹಾಕುವವರು ಗ್ಲೌಸ್, ಕನ್ನಡಕ ಹಾಕಿಕೊಂಡಿರಬೇಕು, ಕರುವನ್ನು ಹಿಡಿಯುವ ನೀವೂ ಮುಖ ದೂರ ಇಡಬೇಕು. ತಾರೀಕನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಲಸಿಕೆ ಹಾಕಿದ ಕರುವಿನ ರಕ್ತ ಪರೀಕ್ಷೆ ಕೆಲ ಕಾಲ ರೋಗವಿದ್ದಂತೆಯೇ ತೋರಿಸಬಹುದು, ಆಗ ಆ ತಾರೀಕು ಬೇಕಾಗುತ್ತದೆ.

ಹಂತ 10: ಇಲಿ, ಸೈಲೇಜ್, ಊರ ಹೋರಿ

ಕಂದು ಹಾಕಿಸುವುದು ಬ್ರುಸೆಲ್ಲಾ ಒಂದೇ ಅಲ್ಲ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಇಲಿ ಜ್ವರ ಎಲ್ಲರಿಗೂ ಗೊತ್ತು. ಅದನ್ನು ತರುವ ಲೆಪ್ಟೋಸ್ಪೈರಾ ಹಸುಗಳಿಗೂ ಬರುತ್ತದೆ. ನಾಲ್ಕೂ ಮೊಲೆಯಲ್ಲಿ ಒಮ್ಮೆಗೇ ಹಾಲು ಇಳಿದು, ಕೆಚ್ಚಲು ಗಟ್ಟಿಯಾಗದೆ ಮೆತ್ತಗೇ ಇದ್ದು, ಹಾಲು ಹಳದಿಯಾಗಿ ದಪ್ಪಗಾದರೆ ಇದರ ಮೇಲೆ ಅನುಮಾನ ಪಡಿ. ಆಮೇಲೆ ಗಬ್ಬ ಹೋಗಬಹುದು. ಇದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ. ಹಿಂಡಿ ಮೂಟೆಗೆ ಇಲಿ ಬಾರದಂತೆ ಡ್ರಮ್ಮಿನಲ್ಲಿ ಮುಚ್ಚಿಡಿ, ನಿಂತ ನೀರು ಕುಡಿಸಬೇಡಿ.

ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿ ಮೇವು) ಮಾಡುವವರು ಬೂಷ್ಟು ಹಿಡಿದ, ಮಣ್ಣು ಸೇರಿದ, ಹುಳಿ ಸರಿಯಾಗಿ ಬಾರದ ಪದರವನ್ನು ಗಬ್ಬದ ಹಸುವಿಗೆ ಹಾಕಬಾರದು. ಕಂದು ಹಾಕಿಸುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ.

ಊರ ಹೋರಿಯ ವಿಷಯ. ಅದು ಒಂದು ಹಸುವಿಂದ ಇನ್ನೊಂದಕ್ಕೆ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಾಗಿಸಬಹುದು. ಹೋರಿಗೆ ಏನೂ ಆಗುವುದಿಲ್ಲ, ನೋಡಲು ದಷ್ಟಪುಷ್ಟವಾಗಿರುತ್ತದೆ. ಹಸುವಿನಲ್ಲಿ ಮಾತ್ರ ಭ್ರೂಣ ಸಾಯುತ್ತದೆ, 25, 30, 35 ದಿನಕ್ಕೆ ಲೆಕ್ಕತಪ್ಪಿ ಬೆದೆ ಬರುತ್ತದೆ. ಮೂರು ಸಲ ಸೆಮೆನ್ ಸೋತಿತೆಂದು ಹೋರಿಗೆ ಬಿಡುವುದು ಇದ್ದ ತೊಂದರೆಯ ಮೇಲೆ ಇನ್ನೊಂದನ್ನು ತಂದುಕೊಂಡ ಹಾಗೆ. ಪರೀಕ್ಷೆಯಾದ ಹೋರಿಗಳ ಸೆಮೆನ್‌ನಲ್ಲಿ ಈ ಭಯ ಇಲ್ಲ.

ಹೊಸ ಹಸು ಕೊಳ್ಳುವಾಗ ಹಲ್ಲು, ಕೆಚ್ಚಲು ನೋಡುವ ನಾವು ರಕ್ತ ಪರೀಕ್ಷೆ ಕೇಳುವುದೇ ಇಲ್ಲ. "ಬ್ರುಸೆಲ್ಲಾ ಟೆಸ್ಟ್ ಆದಮೇಲೆ ಪೂರ್ತಿ ದುಡ್ಡು ಕೊಡ್ತೀನಿ ಗೌಡ್ರೇ" ಎಂದು ಮೊದಲೇ ಮಾತಾಡಿಕೊಳ್ಳಿ. ತಂದ ಮೇಲೆ ಒಂದು ತಿಂಗಳು ಬೇರೆ ಕಟ್ಟಿ.

ಹಂತ 11: ಮನೆಯವರ ಆರೋಗ್ಯ

ಹಸಿ ಹಾಲು ಕುಡಿಯಬೇಡಿ, ಮಕ್ಕಳಿಗೂ ಕೊಡಬೇಡಿ. ಕುದಿಸಿದ ಹಾಲಿನಲ್ಲಿ ಬ್ರುಸೆಲ್ಲಾ ಉಳಿಯುವುದಿಲ್ಲ. ಗಿಣ್ಣು ಹಾಲನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಿ.

ಕೊಟ್ಟಿಗೆ ಕೆಲಸ ಮಾಡುವವರಿಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ, ಸೊಂಟ, ಕೀಲು ನೋವು ವಾರಗಟ್ಟಲೆ ಬಿಡದಿದ್ದರೆ, ಗಂಡಸರಿಗೆ ವೃಷಣ ಊದಿಕೊಂಡರೆ ಬ್ರುಸೆಲ್ಲಾ ಇರಬಹುದು. ಎಷ್ಟೋ ಹೆಂಗಸರು ಇದನ್ನು ಕೆಲಸದ ಆಯಾಸವೆಂದು ಮಾತ್ರೆ ನುಂಗಿ ತಳ್ಳುತ್ತಾರೆ. ಮನುಷ್ಯರಲ್ಲಿ ಇದು ವಾಸಿಯಾಗುವ ರೋಗ, ಸಾಮಾನ್ಯವಾಗಿ ಆರು ವಾರ ಎರಡು ಬಗೆಯ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ. ಆದರೆ ಡಾಕ್ಟರಿಗೆ ಅದು ಹೊಳೆಯಬೇಕಲ್ಲ? ಅದಕ್ಕೆ ಆಸ್ಪತ್ರೆಗೆ ಹೋದಾಗ ಮೊದಲ ಮಾತಿನಲ್ಲೇ ಹೇಳಿ: "ನಮ್ಮನೇಲಿ ಹಸು ಇದೆ ಡಾಕ್ಟ್ರೇ, ಎರಡು ತಿಂಗಳ ಹಿಂದೆ ಒಂದು ಕಂದು ಹಾಕ್ತು, ನಾನೇ ಎತ್ತಿ ಹಾಕಿದ್ದೆ."